ಹಾರ್ಡ್ ಡಿಸ್ಕಿನ ಪ್ರತಿ: ಯಂತ್ರ ಏಳದಿದ್ದಾಗ ಮಾಡಬೇಕಾದುದೇನು?

ಇಂದಿನ ಗೃಹಸ್ಥರ ಮನೆಯಲ್ಲಿ ಗಣಕಯಂತ್ರವು ವಿಲಾಸದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಅಂಕಪಟ್ಟಿಗಳು, ಜಮೀನಿನ ಪಹಣಿ ಮತ್ತು ಕ್ರಯಪತ್ರಗಳ ನಕಲುಗಳು, ಅಂಗಡಿಯ ಜಮಾಖರ್ಚು, ಮದುವೆ-ಗೃಹಪ್ರವೇಶಗಳ ಭಾವಚಿತ್ರಗಳು, ಗತಿಸಿದ ಹಿರಿಯರ ಧ್ವನಿಮುದ್ರಿಕೆಗಳು ಇವೆಲ್ಲವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ನೆಲೆಸಿವೆ. ನಮ್ಮ ಹಿರಿಯರು ಕಬ್ಬಿಣದ ಪೆಟ್ಟಿಗೆಯಲ್ಲಿಯೂ ಬಟ್ಟೆಯ ಗಂಟಿನಲ್ಲಿಯೂ ಕಾಪಾಡಿಕೊಂಡು ಬಂದ ಮನೆತನದ ಕಾಗದಪತ್ರಗಳ ಸ್ಥಾನವನ್ನು ಈಗ ಈ ಡಿಸ್ಕು ಪಡೆದಿದೆ. ಆದಕಾರಣ ಅದರ ಕ್ಷೇಮವನ್ನು ಕುರಿತು ನಾಲ್ಕು ಮಾತು ತಿಳಿದಿರುವುದು ಮನೆಯ ಯಜಮಾನರಿಗೂ ಗೃಹಿಣಿಯರಿಗೂ ಆವಶ್ಯಕವೆಂದು ನಾವು ಭಾವಿಸುತ್ತೇವೆ.

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹಳೆಯ ಯಂತ್ರವುಳ್ಳ ಮನೆಗಳಲ್ಲಿ ಹೊಸದನ್ನು ಕೊಳ್ಳುವುದೋ, ಇರುವುದನ್ನೇ ಸುಧಾರಿಸಿಕೊಳ್ಳುವುದೋ ಎಂಬ ವಿಚಾರ ಇದರಿಂದ ಎದ್ದಿದೆ. ಸುಧಾರಣೆಯ ಮಾರ್ಗಗಳಲ್ಲಿ ಬಹುಜನರು ಹಿಡಿಯುವುದು, ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕನ್ನು ತೆಗೆದು, ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯನ್ನು ಹಾಕುವ ಮಾರ್ಗ. ಹಳೆಯದರಲ್ಲಿರುವ ಸಮಸ್ತವನ್ನೂ ಇದ್ದಂತೆಯೇ ಹೊಸದಕ್ಕೆ ಇಳಿಸುವ ಈ ಕ್ರಿಯೆಗೆ ಕ್ಲೋನಿಂಗ್ ಎಂದು ಹೆಸರು. ಪ್ರತಿ ಮಾಡುವ ತಂತ್ರಾಂಶವು ಕಾರ್ಯ ಮುಗಿಯಿತೆಂದು ಸಾರುತ್ತದೆ. ಹೊಸ ಡಿಸ್ಕನ್ನು ಕೂಡಿಸಿ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ‘ನೋ ಬೂಟೆಬಲ್ ಡಿವೈಸ್’ ಎಂಬ ಒಂದು ಸಾಲು ಮಾತ್ರ ಮೂಡುತ್ತದೆ. ಹೀಗೇಕೆ ಆಗುತ್ತದೆ? ಆಗ ಮಾಡಬೇಕಾದುದೇನು, ಮಾಡಬಾರದುದೇನು? ಇದೇ ಈ ಲೇಖನದ ವಿಷಯ.

ಪ್ರತಿಯೆಂದರೇನು?

ಕಡತವೊಂದನ್ನು ನಕಲು ಮಾಡುವುದು ಬೇರೆ, ಡಿಸ್ಕನ್ನೇ ಪ್ರತಿ ಮಾಡುವುದು ಬೇರೆ. ತಾಳೆಯೋಲೆಯ ಗ್ರಂಥಗಳೊಡನೆ ವರ್ಷಗಟ್ಟಲೆ ಕಳೆದ ನಮಗೆ ಈ ಭೇದವು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಲಿಪಿಕಾರನು ಗರಿಗಳ ಮೇಲಿನ ಅಕ್ಷರಗಳನ್ನೆಲ್ಲ ತಪ್ಪಿಲ್ಲದೆ ಬರೆದುಕೊಂಡರೂ, ಗರಿಗಳಿಗೆ ಅಂಕಿ ಹಾಕದೆ, ದಾರ ಪೋಣಿಸದೆ ಬಿಟ್ಟರೆ, ಎಲ್ಲಿಂದ ಓದಲಾರಂಭಿಸಬೇಕೆಂಬುದೇ ಓದುಗನಿಗೆ ತಿಳಿಯದು. ಗ್ರಂಥವು ನಷ್ಟವಾಗಿಲ್ಲ, ಅದರ ಆರಂಭವು ಕಾಣುತ್ತಿಲ್ಲ, ಅಷ್ಟೆ. ಪ್ರತಿಯಾದ ಡಿಸ್ಕು ಏಳದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಹೊರಗಿನಿಂದ ‘ಸಿ’ ಎಂಬ ಒಂದೇ ಡ್ರೈವ್ ಕಂಡರೂ ಡಿಸ್ಕಿನೊಳಗೆ ಹಲವು ವಿಭಾಗಗಳಿರುತ್ತವೆ. ಈಚಿನ ಯಂತ್ರಗಳಲ್ಲಿ ಮೊದಲಿಗೆ ಸಾಮಾನ್ಯವಾಗಿ 100 ಎಂಬಿ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿನ ಪುಟ್ಟ ವಿಭಾಗವೊಂದಿರುತ್ತದೆ. ಇದನ್ನು ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎನ್ನುತ್ತಾರೆ. ಯಂತ್ರವನ್ನು ಎಬ್ಬಿಸುವ ಕಡತಗಳು ಇದರಲ್ಲಿವೆ. ಅದರ ಬಳಿ ವಿಂಡೋಸ್ ತನಗೆಂದು ಕಾದಿರಿಸಿಕೊಂಡ 16 ಎಂಬಿಯ ವಿಭಾಗ, ಆಮೇಲೆ ನಮ್ಮ ‘ಸಿ’, ಕೊನೆಗೆ ದುರಸ್ತಿಗೆಂದು ಇಟ್ಟ ವಿಭಾಗ. ‘ಸಿ’ಯೊಂದೇ ಮುಖ್ಯವೆಂದು ತಿಳಿದು ಅದನ್ನು ಮಾತ್ರ ಪ್ರತಿ ಮಾಡಿದವರ ಯಂತ್ರವು ಏಳದಿರುವುದರಲ್ಲಿ ಆಶ್ಚರ್ಯವಿಲ್ಲ.

ಯಂತ್ರವು ಎಚ್ಚರಗೊಳ್ಳುವ ಕ್ರಮ

1981ರಲ್ಲಿ ಬಂದ ಐಬಿಎಂ ಪಿಸಿಯಿಂದ ಮೊದಲುಗೊಂಡು ದೀರ್ಘಕಾಲ ಯಂತ್ರವನ್ನು ಎಬ್ಬಿಸುವ ಕೆಲಸವನ್ನು ಬಯೋಸ್ ಎಂಬ ಅಂತಸ್ಥ ತಂತ್ರಾಂಶವು ಮಾಡುತ್ತಿತ್ತು. 1983ರ ಪಿಸಿ ಡಾಸ್ 2.0ದೊಡನೆ ಎಂಬಿಆರ್ ಎಂಬ ವ್ಯವಸ್ಥೆ ಬಂದಿತು. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಈ ಎಂಬಿಆರ್. ಅದರಲ್ಲಿ 446 ಬೈಟುಗಳೊಳಗೆ ಆರಂಭದ ಆಜ್ಞೆಗಳು, 64 ಬೈಟುಗಳಲ್ಲಿ ನಾಲ್ಕು ವಿಭಾಗಗಳ ಪಟ್ಟಿ, ಕೊನೆಯ 2 ಬೈಟುಗಳಲ್ಲಿ ಗುರುತಿನ ಮುದ್ರೆ. ಸಾಮಾನ್ಯ ಡಿಸ್ಕುಗಳಲ್ಲಿ ಎರಡು ಟಿಬಿಗಿಂತ ಆಚೆಗೆ ಈ ಪದ್ಧತಿಯ ಕೈ ಚಾಚದು.

ಈಗಿನ ಯಂತ್ರಗಳಲ್ಲಿ ಬಯೋಸಿನ ಸ್ಥಾನಕ್ಕೆ ಯುಇಎಫ್‌ಐ, ಎಂಬಿಆರ್ ಸ್ಥಾನಕ್ಕೆ ಜಿಪಿಟಿ ಬಂದಿವೆ. ಯುಇಎಫ್‌ಐ ಮೇಲೆ ಹೇಳಿದ ಪುಟ್ಟ ವಿಭಾಗವನ್ನು ಹುಡುಕಿ, ಅಲ್ಲಿರುವ ವಿಂಡೋಸ್ ಬೂಟ್ ಮ್ಯಾನೇಜರನ್ನು ಎಬ್ಬಿಸುತ್ತದೆ. ಬೂಟ್ ಮ್ಯಾನೇಜರು ಬಿಸಿಡಿ ಎಂಬ ದಾಖಲೆಯನ್ನು ಓದಿ, ವಿಂಡೋಸ್ ಯಾವ ಡಿಸ್ಕಿನ ಯಾವ ವಿಭಾಗದಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಆಮೇಲೆ ವಿಂಡೋಸಿನ ತಿರುಳು, ಡಿಸ್ಕನ್ನು ಓದುವ ಡ್ರೈವರ್, ಕಡೆಗೆ ನಮ್ಮ ಪರದೆ.

ಇಲ್ಲಿಯೇ ವಿಷಯದ ಮರ್ಮವಿದೆ. ಈ ದಾಖಲೆಗಳು ಡಿಸ್ಕನ್ನು ಗುರುತಿಸುವುದು ಅದರ ಗುರುತಿನ ಸಂಖ್ಯೆಯಿಂದ, ಅದರೊಳಗಿನ ಸಾಮಗ್ರಿಯಿಂದಲ್ಲ. ಮನೆಯನ್ನು ಕೊಂಡು ಸಂಸಾರವೆಲ್ಲ ಬಂದು ನೆಲೆಸಿದ್ದರೂ ಖಾತೆ ಬದಲಾವಣೆಯಾಗದಿದ್ದರೆ ದಫ್ತರದಲ್ಲಿ ಹಳೆಯ ಹೆಸರೇ ಇರುತ್ತದಲ್ಲವೇ? ಹಾಗೆಯೇ ಪ್ರತಿಯಾದ ಡಿಸ್ಕಿಗೆ ಬೇರೆ ಸಂಖ್ಯೆ ಬಿದ್ದಿದ್ದರೆ ದಾಖಲೆ ಹಳೆಯದನ್ನೇ ಹುಡುಕುತ್ತದೆ. ಅದೇ ಸಂಖ್ಯೆ ಉಳಿದಿದ್ದು ಎರಡು ಡಿಸ್ಕುಗಳೂ ಒಟ್ಟಿಗೆ ಇದ್ದರೆ ಒಂದೇ ಖಾತೆಗೆ ಇಬ್ಬರು ಹಕ್ಕುದಾರರು ಎದ್ದಂತಾಗುತ್ತದೆ. ಆಗ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಅದನ್ನು ಮತ್ತೆ ಬಳಕೆಗೆ ತಂದರೆ ಅದರ ಸಂಖ್ಯೆಯನ್ನು ಬದಲಾಯಿಸಿಬಿಡುತ್ತದೆ.

ಏಳದಿರುವುದು ನಾಶವಲ್ಲ

ಇದನ್ನು ತಿಳಿಯದೆ ಆಗುವ ಅನರ್ಥವು ಸಣ್ಣದಲ್ಲ. ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಮಗನು ಎಸ್‌ಎಸ್‌ಡಿ ಹಾಕಿ, ಪ್ರತಿ ಮುಗಿಯಿತೆಂಬ ಸಂದೇಶವನ್ನು ನಂಬಿ, ಹಳೆಯ ಡಿಸ್ಕನ್ನು ಅಂದೇ ಅಳಿಸಿಬಿಟ್ಟಿದ್ದನು. ಮರುದಿನ ಯಂತ್ರ ಏಳಲಿಲ್ಲ. ದುರಸ್ತಿಯ ಅಂಗಡಿಯವರು ಪ್ರತಿ ಕೆಟ್ಟಿದೆಯೆಂದೂ, ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಕೊಡುವುದಾಗಿಯೂ ಹೇಳಿದರು. ಶಿಕ್ಷಕರು ಒಪ್ಪುವಷ್ಟರಲ್ಲಿದ್ದರು. ಅವರ ಧರ್ಮಪತ್ನಿಯವರು ತಡೆದು, “ಅಳಸೂಕಿಂತ ಮೊದಲ ಅದರೊಳಗ ಏನೈತಿ ಅಂತ ಒಮ್ಮೆ ನೋಡ್ರಿ. ನಮ್ಮ ಅತ್ತಿಯವರ ಹಾಡು ಅದರಾಗ ಅದಾವು” ಎಂದರು. ಆ ತಾಯಿಯ ಮಾತಿನಲ್ಲಿ ಇಡೀ ಶಾಸ್ತ್ರದ ಸಾರವಿತ್ತು. ನೆರೆಮನೆಯ ವಿದ್ಯಾರ್ಥಿಯೊಬ್ಬನು ಆ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯ ಮೂಲಕ ಬೇರೊಂದು ಯಂತ್ರಕ್ಕೆ ಜೋಡಿಸಿ ನೋಡಿದಾಗ ಹಾಡುಗಳು, ಭಾವಚಿತ್ರಗಳು, ಪಿಂಚಣಿಯ ಕಾಗದಗಳು ಎಲ್ಲವೂ ಇದ್ದವು. ಆರಂಭದ ದಾಖಲೆ ಮಾತ್ರ ಹಳೆಯ ಡಿಸ್ಕನ್ನು ತೋರಿಸುತ್ತಿತ್ತು. ಮೊದಲು ಅವನ್ನು ಬೇರೆಡೆಗೆ ನಕಲು ಮಾಡಿಕೊಂಡು, ಆಮೇಲೆ ಅರ್ಧ ಗಂಟೆಯಲ್ಲಿ ದಾಖಲೆಯನ್ನು ಸರಿಪಡಿಸಿದನು.

ಆದುದರಿಂದ ಓದುಗ ಬಂಧುಗಳು ನೆನಪಿಡಬೇಕಾದ ಪ್ರಥಮ ಸೂತ್ರವಿದು: ಯಂತ್ರ ಏಳಲಿಲ್ಲವೆಂದರೆ ಮಾಹಿತಿ ಹೋಯಿತೆಂದು ಅರ್ಥವಲ್ಲ. ಫಾರ್ಮ್ಯಾಟ್ ಎಂಬ ಮಾತಿಗೆ ಒಪ್ಪಿಗೆ ಕೊಡುವ ಮುನ್ನ ಡಿಸ್ಕನ್ನು ಬೇರೆ ಯಂತ್ರದಲ್ಲಿ ನೋಡಿಸಿರಿ.

ಎಲ್ಲಿ ನಿಂತಿದೆಯೆಂದು ಗುರುತಿಸುವುದು

ವೈದ್ಯನು ಔಷಧಕ್ಕೆ ಮೊದಲು ನಾಡಿ ನೋಡುವಂತೆ, ಇಲ್ಲಿಯೂ ಯಂತ್ರವು ಯಾವ ಹಂತದಲ್ಲಿ ನಿಂತಿದೆಯೆಂದು ನೋಡಬೇಕು. ಪರದೆಯ ಮೇಲಿನ ಸಂದೇಶವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ.

ಮೊದಲನೆಯ ಹಂತ: ಯಂತ್ರವನ್ನು ಚಾಲೂ ಮಾಡಿದೊಡನೆ ಎಫ್2 ಅಥವಾ ಡಿಲೀಟ್ ಕೀಲಿಯನ್ನು ಒತ್ತಿದರೆ ಬಹುತೇಕ ಯಂತ್ರಗಳಲ್ಲಿ ಬಯೋಸ್ ಪುಟ ತೆರೆಯುತ್ತದೆ. ಅಲ್ಲಿ ಹೊಸ ಡಿಸ್ಕಿನ ಹೆಸರೇ ಕಾಣದಿದ್ದರೆ ದೋಷವು ಪ್ರತಿಯಲ್ಲಿಲ್ಲ, ಜೋಡಣೆಯಲ್ಲಿದೆ. ಕೇಬಲ್ ಸಡಿಲವಾಗಿರಬಹುದು. ಎಂ.2 ಎಂಬ ತೆಳುಪಟ್ಟಿಯಂತಹ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿಗಳಿದ್ದು, ಕೆಲವು ಯಂತ್ರಗಳ ಖಾನೆಯು ಒಂದನ್ನು ಮಾತ್ರ ಒಪ್ಪುತ್ತದೆ. ಹಳೆಯ ಯಂತ್ರಗಳಲ್ಲಿ ಕೆಲವು ಎನ್‌ವಿಎಂಇ ಡಿಸ್ಕಿನಿಂದ ಏಳಲು ತಿಳಿಯದವು. ಅಂತಹ ಯಂತ್ರಕ್ಕೆ ಸಾಟಾ ಎಸ್‌ಎಸ್‌ಡಿಯೇ ಯೋಗ್ಯ.

ಎರಡನೆಯ ಹಂತ: ಡಿಸ್ಕಿನ ಹೆಸರಿದೆ, ಆದರೆ ‘ನೋ ಬೂಟೆಬಲ್ ಡಿವೈಸ್’ ಎನ್ನುತ್ತದೆ. ಇಲ್ಲಿ ಮೊದಲು ಬೂಟ್ ಕ್ರಮದಲ್ಲಿ ಹೊಸ ಡಿಸ್ಕಿನ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲ್ಗಡೆ ಇದೆಯೇ ನೋಡಬೇಕು. ಆಮೇಲೆ ರೀತಿಯ ಹೊಂದಾಣಿಕೆ. ಎಂಬಿಆರ್ ಡಿಸ್ಕಿನಲ್ಲಿರುವ ವಿಂಡೋಸ್ ಏಳಲು ಲೆಗಸಿ ಎಂಬ ಹಳೆಯ ರೀತಿ ಬೇಕು, ಜಿಪಿಟಿ ಡಿಸ್ಕಿನಲ್ಲಿರುವುದಕ್ಕೆ ಯುಇಎಫ್‌ಐ ರೀತಿ ಬೇಕು. ಹಳೆಯ ಡಿಸ್ಕಿನಿಂದ ಎದ್ದಾಗ ಸಿಸ್ಟಮ್ ಇನ್‌ಫರ್ಮೇಷನ್ ಪುಟದಲ್ಲಿ ‘ಬಯೋಸ್ ಮೋಡ್’ ಎಂಬ ಸಾಲನ್ನು ನೋಡಿದರೆ ಯಂತ್ರವು ಯಾವ ರೀತಿಯಲ್ಲಿ ಏಳುತ್ತಿತ್ತೆಂದು ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಹೊಸ ಡಿಸ್ಕನ್ನು ಇಟ್ಟು ಪ್ರತಿ ಮಾಡುವ ಯುಎಸ್‌ಬಿ ಪೆಟ್ಟಿಗೆಗಳಲ್ಲಿ ಕೆಲವು 512 ಬೈಟಿನ ಖಂಡಗಳನ್ನು 4096 ಬೈಟಿನವೆಂದು ತೋರಿಸುತ್ತವೆ. ಆ ಪೆಟ್ಟಿಗೆಯಲ್ಲಿ ಸರಿಯಾಗಿ ಕಂಡ ಪ್ರತಿಯು ಯಂತ್ರದೊಳಗೆ ಕೂಡಿಸಿದೊಡನೆ ಖಾಲಿಯಂತೆ ಕಾಣುತ್ತದೆ. ಆಗ ಹೊಸ ಡಿಸ್ಕನ್ನು ಯಂತ್ರದೊಳಗೂ ಹಳೆಯದನ್ನು ಹೊರಗೂ ಇಟ್ಟು, ಪೆನ್ ಡ್ರೈವಿನಿಂದ ಏಳುವ ತಂತ್ರಾಂಶದ ಮೂಲಕ ಮತ್ತೊಮ್ಮೆ ಪ್ರತಿ ಮಾಡುವುದೇ ಪರಿಹಾರ.

ಮೂರನೆಯ ಹಂತ: ನೀಲಿ ಪರದೆಯಲ್ಲಿ ‘ರಿಕವರಿ’ ಎಂಬ ಶೀರ್ಷಿಕೆಯೊಡನೆ 0ಎಕ್ಸ್‌ಸಿ000000ಇ ಅಥವಾ 0ಎಕ್ಸ್‌ಸಿ0000225 ಎಂಬಂತಹ ಸಂಕೇತ ಬಂದರೆ, ಬೂಟ್ ಮ್ಯಾನೇಜರು ಎದ್ದಿದೆ, ಬಿಸಿಡಿ ದಾಖಲೆ ತಪ್ಪಿದೆ ಎಂದು ತಿಳಿಯಬೇಕು. ಇದೇ ಅತಿ ಸಾಮಾನ್ಯವಾದ ದೋಷಗಳಲ್ಲೊಂದು. ಇದರ ಚಿಕಿತ್ಸೆಯನ್ನು ಮುಂದೆ ಹೇಳುತ್ತೇವೆ.

ನಾಲ್ಕನೆಯ ಹಂತ: ವಿಂಡೋಸಿನ ಚಿಹ್ನೆ ಬಂದು, ಆಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಂತರೆ, ವಿಂಡೋಸಿಗೆ ಹೊಸ ಡಿಸ್ಕನ್ನು ಓದುವ ಡ್ರೈವರ್ ಸಿಕ್ಕಿಲ್ಲ. ಬಯೋಸಿನಲ್ಲಿ ಎಎಚ್‌ಸಿಐ, ರೇಡ್ ಎಂಬ ಆಯ್ಕೆಗಳನ್ನು ಯಾರಾದರೂ ಬದಲಾಯಿಸಿದ್ದರೆ ಮೊದಲಿದ್ದಂತೆಯೇ ಇಡಬೇಕು. ಸಾಟಾದಿಂದ ಎನ್‌ವಿಎಂಇಗೆ ಬಂದಿದ್ದರೆ, ಒಮ್ಮೆ ಸೇಫ್ ಮೋಡಿನಲ್ಲಿ ಎಬ್ಬಿಸಿದಾಗ ವಿಂಡೋಸ್ ತನ್ನಲ್ಲಿರುವ ಮೂಲ ಡ್ರೈವರನ್ನು ಹುಡುಕಿಕೊಂಡು, ಮುಂದಿನ ಬಾರಿ ಸಹಜವಾಗಿ ಏಳುವುದುಂಟು.

ಐದನೆಯ ಹಂತ: ಹಳೆಯ ಡಿಸ್ಕು ಜೊತೆಯಲ್ಲಿದ್ದರೆ ಏಳುತ್ತದೆ, ತೆಗೆದರೆ ಏಳದು. ಇಲ್ಲಿ ವಿಂಡೋಸ್ ಹೊಸ ಡಿಸ್ಕಿನದಾದರೂ ಆರಂಭವು ಹಳೆಯದರ ಪುಟ್ಟ ವಿಭಾಗದಿಂದಲೇ ನಡೆಯುತ್ತಿದೆ. ಮೂರನೆಯ ಹಂತದ ಚಿಕಿತ್ಸೆಯೇ ಇದಕ್ಕೂ ಸಲ್ಲುತ್ತದೆ.

ಇವುಗಳ ಜೊತೆಗೆ ಬೀಗದ ಪ್ರಸಂಗವೊಂದುಂಟು. ಯಂತ್ರವು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳಿದರೆ ಅದು ದೋಷವಲ್ಲ, ಕಾವಲು. ಆರಂಭದ ವ್ಯವಸ್ಥೆ ಬದಲಾದುದನ್ನು ಕಂಡು ಯಂತ್ರವು ಒಡೆಯನ ಗುರುತು ಕೇಳುತ್ತಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಬಳಸುತ್ತಿದ್ದರೆ ಆ ಕೀಲಿಯು ಸಾಮಾನ್ಯವಾಗಿ ಆ ಖಾತೆಯಲ್ಲಿ ದೊರೆಯುತ್ತದೆ. ಕೀಲಿಯೂ ಇಲ್ಲ, ಹಳೆಯ ಡಿಸ್ಕೂ ಇಲ್ಲವೆಂದಾದರೆ ಯಾವ ಅಂಗಡಿಯವರೂ ಅದನ್ನು ತೆರೆದುಕೊಡಲಾರರು.

ದಾಖಲೆ ಸರಿಪಡಿಸುವ ವಿಧಾನ

ಇದಕ್ಕೆ 8 ಜಿಬಿಯ ಖಾಲಿ ಪೆನ್ ಡ್ರೈವ್ ಹಾಗೂ ನಡೆಯುತ್ತಿರುವ ಇನ್ನೊಂದು ಯಂತ್ರ ಬೇಕು. ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಪೆನ್ ಡ್ರೈವನ್ನು ಸಿದ್ಧಪಡಿಸಿಕೊಳ್ಳಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆಂಬುದು ನೆನಪಿರಲಿ.

ಹಳೆಯ ಡಿಸ್ಕನ್ನು ಹೊರತೆಗೆದು, ಹೊಸದೊಂದನ್ನೇ ಯಂತ್ರದಲ್ಲಿಟ್ಟು, ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿರಿ. ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟದೆ, ದುರಸ್ತಿಗೆ ಸಂಬಂಧಿಸಿದ ‘ರಿಪೇರ್’ ಆಯ್ಕೆಗೆ ಹೋಗಿ, ಟ್ರಬಲ್‌ಶೂಟ್ ಪುಟದಲ್ಲಿ ಮೊದಲು ‘ಸ್ಟಾರ್ಟಪ್ ರಿಪೇರ್’ ಮಾಡಿಸಿರಿ. ಅನೇಕ ಸಂದರ್ಭಗಳಲ್ಲಿ ಇಷ್ಟರಿಂದಲೇ ಕಾರ್ಯವಾಗುತ್ತದೆ.

ಆಗದಿದ್ದರೆ ಅಲ್ಲಿಯೇ ‘ಕಮಾಂಡ್ ಪ್ರಾಂಪ್ಟ್’ ತೆರೆದು, ಡಿಸ್ಕ್‌ಪಾರ್ಟ್ ಎಂದು ಬರೆದು ಎಂಟರ್ ಒತ್ತಬೇಕು. ‘ಲಿಸ್ಟ್ ವಾಲ್ಯೂಮ್’ ಎಂಬ ಆಜ್ಞೆ ಕೊಟ್ಟರೆ ವಿಭಾಗಗಳ ಪಟ್ಟಿ ಬರುತ್ತದೆ. ಅದರಲ್ಲಿ ಎನ್‌ಟಿಎಫ್‌ಎಸ್ ಎಂದಿರುವ ದೊಡ್ಡದು ವಿಂಡೋಸಿನದು, ಎಫ್‌ಎಟಿ32 ಎಂದಿರುವ ಪುಟ್ಟದು ಆರಂಭದ ವಿಭಾಗ. ಪೆನ್ ಡ್ರೈವೂ ಎಫ್‌ಎಟಿ32 ಎಂದೇ ಕಾಣಬಹುದು. ಗಾತ್ರ ನೋಡಿ ಬೇರ್ಪಡಿಸಿರಿ. ಇಲ್ಲಿ ವಿಂಡೋಸಿಗೆ ‘ಸಿ’ ಎಂಬ ಅಕ್ಷರವೇ ಇರಬೇಕೆಂಬ ನಿಯಮವಿಲ್ಲ. ಇರುವ ಅಕ್ಷರವನ್ನು ಬರೆದುಕೊಳ್ಳಿರಿ. ‘ಸೆಲೆಕ್ಟ್ ವಾಲ್ಯೂಮ್’ ಎಂದು ಪುಟ್ಟ ವಿಭಾಗದ ಸಂಖ್ಯೆಯನ್ನು ಕೊಟ್ಟು ಅದನ್ನು ಆರಿಸಿ, ‘ಅಸೈನ್’ ಆಜ್ಞೆಯಿಂದ ಅದಕ್ಕೆ ‘ಎಸ್’ ಎಂಬ ಅಕ್ಷರವನ್ನು ನೀಡಿ, ‘ಎಕ್ಸಿಟ್’ ಎಂದು ಹೊರಬನ್ನಿರಿ. ಬಳಿಕ ಬಿಸಿಡಿಬೂಟ್ ಎಂಬ ಆಜ್ಞೆ. ಅದಕ್ಕೆ ವಿಂಡೋಸ್ ಫೋಲ್ಡರಿನ ವಿಳಾಸ, ಆರಂಭದ ವಿಭಾಗದ ಅಕ್ಷರ, ಯುಇಎಫ್‌ಐ ಎಂಬ ರೀತಿ ಈ ಮೂರನ್ನು ತಿಳಿಸಬೇಕು. ಬೂಟ್ ಕಡತಗಳು ಯಶಸ್ವಿಯಾಗಿ ರಚಿತವಾದವೆಂಬ ಸಂದೇಶ ಬಂದರೆ ಖಾತೆ ಬದಲಾವಣೆ ಆಯಿತೆಂದೇ ತಿಳಿಯಿರಿ. ಎಂಬಿಆರ್ ಡಿಸ್ಕಾದರೆ ಆರಂಭದ ವಿಭಾಗವನ್ನು ‘ಆಕ್ಟಿವ್’ ಎಂದು ಗುರುತಿಸಿ, ರೀತಿಯ ಜಾಗದಲ್ಲಿ ಬಯೋಸ್ ಎಂದು ಬರೆಯಬೇಕು.

ಹಳೆಯ ಕೈಪಿಡಿಗಳಲ್ಲಿ ಬೂಟ್‌ರೆಕ್ ಎಂಬ ಆಜ್ಞೆಯ ಪ್ರಯೋಗಗಳನ್ನು ಹೇಳಿದ್ದಾರೆ. ಯುಇಎಫ್‌ಐ ಯಂತ್ರಗಳಲ್ಲಿ ಅದರ ‘ಫಿಕ್ಸ್‌ಬೂಟ್’ ಪ್ರಯೋಗವು ಅನೇಕ ವೇಳೆ ಪ್ರವೇಶ ನಿರಾಕರಿಸಲಾಗಿದೆಯೆಂದು ನಿಲ್ಲುತ್ತದೆ. ಅದನ್ನು ಕಂಡು ಗಾಬರಿಯಾಗುವುದು ಬೇಡ. ಬಿಸಿಡಿಬೂಟ್ ಒಂದೇ ಸಾಕು. ಆದರೆ ಡಿಸ್ಕ್‌ಪಾರ್ಟಿನಲ್ಲಿ ‘ಕ್ಲೀನ್’ ಎಂಬ ಶಬ್ದವನ್ನು ಎಂದಿಗೂ ಬರೆಯದಿರಿ. ಅದು ನಿಜವಾಗಿಯೂ ಬೇಕೇ ಎಂದು ಕೇಳದೆ, ಆರಿಸಿದ ಡಿಸ್ಕಿನ ವಿಭಾಗಗಳ ಪಟ್ಟಿಯನ್ನೇ ಅಳಿಸಿಹಾಕುತ್ತದೆ.

ವಿಂಡೋಸ್ 11ಕ್ಕೆ ಹೋಗಬಯಸುವವರಿಗೆ ಒಂದು ಮಾತು. ಅದಕ್ಕೆ ಯುಇಎಫ್‌ಐ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಬೇಕೆಂದು ಮೈಕ್ರೋಸಾಫ್ಟ್ ವಿಧಿಸಿದೆ. ಎಂಬಿಆರ್ ಡಿಸ್ಕನ್ನು ಮಾಹಿತಿ ಅಳಿಸದೆಯೇ ಜಿಪಿಟಿಗೆ ಪರಿವರ್ತಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನವು 2017ರಿಂದ ವಿಂಡೋಸ್ 10ರಲ್ಲಿಯೇ ಸೇರಿದೆ. ಆದರೆ ಪ್ರತಿಯು ಮೊದಲಿನ ರೀತಿಯಲ್ಲಿ ನಿರ್ವಿಘ್ನವಾಗಿ ಏಳುವುದನ್ನು ಕಂಡ ಮೇಲೆಯೇ ಪರಿವರ್ತನೆಗೆ ಕೈಹಾಕಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ದೋಷ ಎಲ್ಲಿಯದೆಂದು ಹೇಳುವವರಾರು?

ಪ್ರತಿ ಮಾಡುವ ಮುನ್ನ

ಬಂದ ಮೇಲೆ ಔಷಧ ಹುಡುಕುವುದಕ್ಕಿಂತ ಬಾರದಂತೆ ಪಥ್ಯವಿರುವುದು ಮೇಲು.

ಒಂದು: ಅತ್ಯಮೂಲ್ಯವಾದ ಕಡತಗಳನ್ನು ಬೇರೊಂದು ಬಾಹ್ಯ ಡಿಸ್ಕಿಗೆ ಮೊದಲೇ ನಕಲು ಮಾಡಿರಿ.

ಎರಡು: ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆಗಿಡಿರಿ, ಪ್ರತಿಯ ಕಾರ್ಯ ಮುಗಿಯುವವರೆಗೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿರಿ.

ಮೂರು: ವಿಂಡೋಸ್ 8ರಿಂದ ಈಚೆಗೆ ‘ಷಟ್ ಡೌನ್’ ಎಂದರೆ ಯಂತ್ರವು ಸಂಪೂರ್ಣವಾಗಿ ಮಲಗದೆ ಅರೆನಿದ್ರೆಯಲ್ಲಿರುವುದುಂಟು. ಪೆನ್ ಡ್ರೈವಿನಿಂದ ಪ್ರತಿ ಮಾಡುವವರು ಷಿಫ್ಟ್ ಕೀಲಿಯನ್ನು ಹಿಡಿದುಕೊಂಡು ಷಟ್ ಡೌನ್ ಮಾಡಿದರೆ ಪೂರ್ಣ ವಿಶ್ರಾಂತಿ.

ನಾಲ್ಕು: ಒಂದು ವಿಭಾಗವನ್ನಲ್ಲ, ಇಡೀ ಡಿಸ್ಕನ್ನು ಆರಿಸಿರಿ. ಯಾವುದು ಮೂಲ, ಯಾವುದು ಪ್ರತಿ ಎಂಬುದನ್ನು ತಯಾರಕರ ಹೆಸರು ಮತ್ತು ಗಾತ್ರ ನೋಡಿ, ಮನೆಯ ಇನ್ನೊಬ್ಬರಿಂದಲೂ ಓದಿಸಿ ಖಚಿತಪಡಿಸಿಕೊಳ್ಳಿರಿ. ಇಲ್ಲಿ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕುಳಿತುಬಿಡುತ್ತದೆ. ತೈವಾನಿನಿಂದ ಬಂದ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವನ್ನು ಬಳಸುವವರು, ಹೊಸ ಡಿಸ್ಕು ಹಳೆಯದರಷ್ಟಾದರೂ ದೊಡ್ಡದಿರಬೇಕೆಂಬ ಅದರ ಸಾಮಾನ್ಯ ನಿಯಮವನ್ನು ಗಮನಿಸಬೇಕು.

ಐದು: ಹಳೆಯ ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ, ಕಡತಗಳು ತೆರೆಯಲು ತಡವರಿಸುತ್ತಿದ್ದರೆ, ಅದರ ಮೇಲೆ ಮೇಲಿಂದ ಮೇಲೆ ಪರೀಕ್ಷೆಗಳನ್ನು ನಡೆಸಿ ದಣಿಸಬಾರದು. ಓದಲು ಬಾರದ ಜಾಗವನ್ನು ಬದಿಗಿರಿಸಿ, ಬರುವುದನ್ನು ಮೊದಲು ಉಳಿಸಿಕೊಳ್ಳುವ ಡಿಡಿರೆಸ್ಕ್ಯೂ ಎಂಬಂತಹ ಸಾಧನವನ್ನು ಬಲ್ಲವರಿಂದ ಉಪಯೋಗಿಸಬೇಕು.

ಆರು: ಪ್ರತಿ ಮುಗಿದೊಡನೆ ಯಂತ್ರವನ್ನು ಆರಿಸಿ, ಹಳೆಯ ಡಿಸ್ಕನ್ನು ತೆಗೆದು, ಆಮೇಲೆಯೇ ಹೊಸದರಿಂದ ಮೊದಲ ಬಾರಿ ಎಬ್ಬಿಸಿರಿ. ಇದೊಂದು ನಿಯಮವನ್ನು ಪಾಲಿಸಿದರೆ ಮೇಲೆ ಹೇಳಿದ ಗೊಂದಲಗಳಲ್ಲಿ ಕೆಲವು ಹುಟ್ಟುವುದೇ ಇಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಏಳದ ಯಂತ್ರವು ಇಂದಲ್ಲ ನಾಳೆ ಏಳುತ್ತದೆ, ಬೇಕಾದರೆ ಹೊಸದನ್ನು ಕೊಳ್ಳಬಹುದು. ಅಳಿಸಿದ ಧ್ವನಿಯನ್ನು ಕೊಳ್ಳುವ ಅಂಗಡಿಯಿಲ್ಲ. ಆದುದರಿಂದ ಹೊಸ ಡಿಸ್ಕು ಎದ್ದ ದಿನವೇ ಹಳೆಯದನ್ನು ಮಾರುವ, ಮಕ್ಕಳ ಬಳಕೆಗೆ ಅಳಿಸಿಕೊಡುವ ವಿಚಾರವನ್ನು ಮಾಡದಿರಿ. ಅದರ ಮೇಲೆ ದಿನಾಂಕವನ್ನು ಬರೆದು, ತೇವವಿಲ್ಲದ ಕಪಾಟಿನಲ್ಲಿ ಕನಿಷ್ಠ ಒಂದು ತಿಂಗಳು ಇಡಿರಿ. ಆ ಅವಧಿಯಲ್ಲಿ ಮನೆಯವರೆಲ್ಲ ಹೊಸ ಡಿಸ್ಕಿನಲ್ಲಿ ತಮ್ಮ ತಮ್ಮ ಚಿತ್ರ, ಲೆಕ್ಕ, ಪತ್ರಗಳನ್ನು ತೆರೆದು ನೋಡಲಿ. ಎಲ್ಲವೂ ಇವೆಯೆಂದು ಎಲ್ಲರೂ ಹೇಳಿದ ಮೇಲೆ ಹಳೆಯದಕ್ಕೆ ಬಿಡುಗಡೆ ಕೊಡಿರಿ.